ಚುಕ್ಕಿ ಹೆಸರು

ಚಾಮರಾಜಪುರದ ರೈಲ್ವೆ ಗೇಟಿನ ಈಚೆ
ತೀರಿಕೊಂಡ ಪಂಕಜಾಕ್ಷಮ್ಮನವರ ಮನೆಯ ಮುಂದೆ ರಟ್ಟು ಕಟ್ಟಿದ್ದರು:
‘ಹಳೆಯ ಸಾಮಾನು. ಶನಿವಾರ, ಭಾನುವಾರ. ಚೌಕಾಸಿ ಇಲ್ಲ.’
ಒಳಗೆ ಹೋದರೆ ಬರೀ ಚೌಕಾಸಿ.

ಯಾರನ್ನೂ ಎಂದೂ ಕೂರಿಸದ ಜಗಲಿಯ ಮೇಲೆ
ಉಪ್ಪಿನಕಾಯಿ ಭರಣಿಗಳು ಎತ್ತರದ ಪ್ರಕಾರ ನಿಂತಿದ್ದವು,
ಸ್ಕೂಲಿನ ಗ್ರೂಪ್ ಫೋಟೋಗೆ ನಿಂತ ಹಾಗೆ.
ಪಕ್ಕದಲ್ಲಿ ಶ್ಯಾವಿಗೆ ಒರಳು,
ಹನ್ನೆರಡು ಕವಡೆ ಕಮ್ಮಿ ಬಿದ್ದ ಚನ್ನೆಮಣೆ,
ಗಂಧದ ಸೋಪಿನ ಖಾಲಿ ಡಬ್ಬಿ ನಲವತ್ತು.
ಪಟ್ಟದ ಬೊಂಬೆಗಳಲ್ಲಿ ರಾಜನಿಗೆ ಎಂಟುನೂರು,
ರಾಣಿಯ ಮೂಗು ಮುಕ್ಕಾದ್ದರಿಂದ
ಅವಳು ಫ್ರೀ.

ಗೋಕುಲಂನಲ್ಲಿ ಕೆಫೆ ಇಟ್ಟಿರುವ ಹುಡುಗನೊಬ್ಬ
ಒನಕೆಯನ್ನು ಗೋಡೆಗೆ ಹಾಕ್ತೀನಿ ಅಂದ.
ಅಡ್ಡ ಹಾಕ್ತೀರೋ ಉದ್ದವೋ, ಕೇಳಿದಳು ವಾಸಂತಿ,
ಪಂಕಜಾಕ್ಷಮ್ಮನವರ ತಂಗಿಯ ಮಗಳು,
ರಸೀದಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ.

ನನಗೆ ಬೇಕಿದ್ದದ್ದು ಒಂದು ಕಾಫಿ ಫಿಲ್ಟರು.
ಪಾತ್ರೆಯ ರಾಶಿಯಲ್ಲಿ ಎಲ್ಲರೂ ತೂಕ ನೋಡುತ್ತಿದ್ದರು,
ನಾನು ಹೆಸರು ಓದುತ್ತ ಕೂತೆ.
‘ರಂಗನಾಯಕಿ ಸೀಮಂತ.’
‘ಸತ್ಯನಾರಾಯಣ ಪೂಜೆ ನೆನಪಿಗಾಗಿ.’
‘ಚಿ. ಶೇಷಾದ್ರಿ ಉಪನಯ’, ನ ಹೊಡೆಯುವಷ್ಟರಲ್ಲಿ ಜಾಗ ಮುಗಿದಿದೆ.
ಸತ್ತವರೆಲ್ಲ ಅಂಚಿನಲ್ಲಿ ಸಾಲಾಗಿ, ಚುಕ್ಕಿ ಚುಕ್ಕಿ.

ಆಮೇಲೆ ಒಂದು ತಾಮ್ರದ ಚೊಂಬು.
ಕಂಠದ ಕೆಳಗೆ: ‘ವೇದವಲ್ಲಿ ೧೯-೬-೫೮.’
ಅಮ್ಮನ ಹೆಸರು. ಅಮ್ಮನ ಮದುವೆ.
ಲ್ಲಿಯ ಒತ್ತಿನಲ್ಲಿ ಒಂದು ಚುಕ್ಕಿ ಹೆಚ್ಚು ಬಿದ್ದಿರುವುದೂ ಅದೇ.

ಎಪ್ಪತ್ತೆರಡರಲ್ಲಿ ಕಳೆದುಹೋಗಿತ್ತು.
ಕಳೆದುಹೋಗಿಲ್ಲ, ಕದ್ದಳು ಎಂದು
ಮನೆಯಲ್ಲಿ ಊಟದ ಹೊತ್ತಿಗೇ ತೀರ್ಮಾನವಾಗಿತ್ತು.
ಹಿತ್ತಲಲ್ಲಿ, ಪಾತ್ರೆ ತಿಕ್ಕುವ ಹುಣಿಸೆಹಣ್ಣು ಕೈಯಲ್ಲೇ ಹಿಡಿದು
ಅವಳು ಸೆರಗು ಕೊಡವಿ ತೋರಿಸಿದಳು.
ಯಾರೂ ಮಾತಾಡದೆ ಇದ್ದದ್ದಕ್ಕೆ
ಇನ್ನೊಂದು ಸಲ ಕೊಡವಿದಳು.
ಸುಣ್ಣದ ಗೋಡೆಗೆ ಅಂಟಿ ನಿಂತಿದ್ದೆ, ಒಂಬತ್ತು ವರ್ಷ ನನಗೆ,
ಫ್ರಾಕಿನ ಬೆನ್ನೆಲ್ಲ ಬಿಳಿ.
ಹದಿನೇಳು ದಿನದ ಸಂಬಳ ಹಿಡಿದುಕೊಂಡೆವು.
(‘ಹಿಡಿದುಕೊಂಡರು’ ಎಂದು ಬರೆದಿದ್ದೆ.
ಹೊಡೆದುಹಾಕಿದೆ.)

ಪಕ್ಕದ ಮನೆಯ ನಲ್ಲಿ ನಿಂತ ಒಂದು ದಿನ
ಕುಡಿಯುವ ನೀರು ಹೊತ್ತುಕೊಂಡು ಹೋದವಳು ನಾನೇ ಅಲ್ಲವೇ?
ತುಳುಕಿಸಬೇಡ ಅಂದಿದ್ದರಲ್ಲ ಪಂಕಜಾಕ್ಷಮ್ಮ, ಬಾಗಿಲಲ್ಲೇ?
ಈಗ ನೆನಪಾಗುತ್ತಿದೆಯೋ
ಈಗ ಕಟ್ಟಿಕೊಳ್ಳುತ್ತಿದ್ದೇನೋ,
ಕೈಗೆ ಮಾತ್ರ ಆ ಭಾರ ಗೊತ್ತು.

ಮುನ್ನೂರೈವತ್ತು, ಅಂದಳು ವಾಸಂತಿ,
ಯಾರದೋ ಹೆಸರಿದೆ ನೋಡಿ, ಅದಕ್ಕೇ ಕಮ್ಮಿ.
ಕೊಟ್ಟೆ. ಫಿಲ್ಟರು ಮರೆತೆ.

ಆಟೋ ಹತ್ತಿ ನೇರ ಶಿವರಾಂಪೇಟೆ.
ಪಾತ್ರೆ ಅಂಗಡಿಯ ಮೂಲೆಯಲ್ಲಿ ಹೆಸರು ಹೊಡೆಯುವ ಮುಬಾರಕ್
ಚೊಂಬನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡ.
‘ಹಳೇದು ಉಜ್ಜಿ ಅಳಿಸ್ಲಾ?’
ಬೇಡಪ್ಪ. ಕೆಳಗೆ ಇನ್ನೊಂದು ಹೆಸರು ಹಿಡಿಸುತ್ತಾ ನೋಡು.
‘ಬೇಕಾದಷ್ಟು ಜಾಗ. ಹೇಳಿ, ಏನಂತ?’

ಕೆಸರೆಯಿಂದ ನಡೆದು ಬರುತ್ತಿದ್ದಳು.
ಅಜ್ಜಿ ‘ಏ ಇವಳೇ’ ಅನ್ನುತ್ತಿದ್ದರು, ಅಮ್ಮ ‘ಕೆಸರೆಯವಳು’.
ನಾನು ಏನನ್ನುತ್ತಿದ್ದೆ?
ಎಡಗೈಯಲ್ಲಿ ಹಚ್ಚೆ ಇತ್ತು, ಹಸಿರು ಚೇಳು,
ಅದರ ಕೆಳಗೆ ಚುಕ್ಕಿಚುಕ್ಕಿಯಾಗಿ ಒಂದು ಹೆಸರು.
ಕೂಡಿಸಿ ಕೂಡಿಸಿ ಓದಿದ್ದೇನೆ, ಆಗಷ್ಟೇ ಒತ್ತಕ್ಷರ ಕಲಿತವಳು.
ಅದು ಅವಳ ಗಂಡನದು.

ಮಿಷನ್ನು ಝುಯ್ ಅನ್ನುತ್ತಿತ್ತು.
ಮುಬಾರಕ್ ಸೂಜಿ ಎತ್ತಿ ಹಿಡಿದು ಕಾದ,
ಗಡಿಯಾರ ನೋಡಿದ.
‘ಹನ್ನೆರಡಕ್ಕೆ ಕರೆಂಟ್ ಹೋಗುತ್ತಮ್ಮಾ,
ಬೇಗ ಹೇಳಿ.’