ನೆಪ

ಆರುನೂರು ಪದ ಸಾಕು ಎಂದ ಲಾಶಾ, ತಿಬಿಲಿಸಿಯಿಂದ, ಫೋನಿನಲ್ಲಿ.
ವೈದ್ಯಕೋಶಕ್ಕೆ ಒಂದು ಟಿಪ್ಪಣಿ: ರೋಗಗಳ ವರ್ಗೀಕರಣ.
ಹೈಸ್ಕೂಲು ಹುಡುಗನಿಗೂ ತಿಳಿಯುವ ಹಾಗೆ, ಡಾಕ್ಟರ್,
ಉದಾಹರಣೆ ಇದ್ದರೆ ಚೆನ್ನ.

ಬರೆದೆ. ಮುಂದೊಂದು ಅಕ್ಷರ, ಹಿಂದೆ ಎರಡು ಅಂಕಿ,
ಒಂದು ಚುಕ್ಕಿ, ಚುಕ್ಕಿಯಾಚೆ ಇನ್ನೂ ಒಂದು.
ಮೊದಲ ಮನೆಯಲ್ಲಿ ಕಾಲರಾ, ಹಿರಿಯಕ್ಕನ ಹಾಗೆ ಕೂತಿದೆ.
ಸಿಡಿಲು ಬಡಿದರೆ ಒಂದು ಗೂಡು,
ಏಣಿಯಿಂದ ಬಿದ್ದವನಿಗೆ ಬೇರೆ, ಮರದಿಂದ ಬಿದ್ದವನಿಗೆ ಬೇರೆ.
ನಮ್ಮ ಇಮೆರೆತಿಯಲ್ಲಿ ಅಕ್ಟೋಬರಿಗೆ ಇವೆರಡೂ ಬೇಕು,
ಅಕ್ರೋಟು ಬಡಿಯಲು ಎಪ್ಪತ್ತರ ಮುದುಕರೂ ಹತ್ತುತ್ತಾರೆ.
ಯಾವುದಕ್ಕೂ ಸೇರದ್ದಕ್ಕೆ 'ಇತರೆ',
ಇತರೆಗೂ ಒಗ್ಗದ್ದಕ್ಕೆ 'ಅನಿರ್ದಿಷ್ಟ'.
ಗೂಡಿಲ್ಲದೆ ಯಾರೂ ಸಾಯುವ ಹಾಗಿಲ್ಲ.

ಆಮೇಲೆ ಮುಖ್ಯ ನಿಯಮ:
ಕೊನೆಗೆ ನಿಲ್ಲುವುದು ಎಲ್ಲರದೂ ಹೃದಯವೇ, ಅದನ್ನು ಬರೆಯಬೇಡಿ.
ಸರಪಳಿ ಹಿಡಿದು ಹಿಂದಕ್ಕೆ ಹೋಗಿ,
ಮೊದಲ ಕೊಂಡಿ ಯಾವುದೋ ಅದೇ ಕಾರಣ.
ಒಂದೇ ಒಂದು.
ಇಲ್ಲಿಗೆ ನಾನೂರ ಹನ್ನೆರಡು ಪದ.

ಉದಾಹರಣೆ ಇದ್ದರೆ ಚೆನ್ನ.

ತೊಂಬತ್ತಮೂರರ ಡಿಸೆಂಬರ್, ಕುತಾಯಿಸಿ.
ನನಗೆ ಇಪ್ಪತ್ತಾರು. ಕೈಗವಸಿನ ಬೆರಳು ಕತ್ತರಿಸಿಕೊಂಡು ಬರೆಯುತ್ತಿದ್ದೆ,
ಪೆನ್ನೂ ಬಾಯಿಯ ಹಬೆ ಕೇಳುತ್ತಿತ್ತು.
ವಾರ್ಲಾಮ್ ಏಳನೆಯ ಮಹಡಿಯ ಮೆಟ್ಟಿಲಲ್ಲಿ ಸಿಕ್ಕ,
ಮನೆ ಒಂಬತ್ತರಲ್ಲಿ.
ಗೋಡೆಗೊರಗಿ ಕೂತಿದ್ದ. ಸೀಮೆಎಣ್ಣೆ ಡಬ್ಬಿ ಮೊಣಕಾಲ ಸಂದಿಯಲ್ಲಿ,
ಒಂದು ಹನಿ ಚೆಲ್ಲಿರಲಿಲ್ಲ.

ಮೆಟ್ಟಿಲಿಗೂ ಒಂದು ಗೂಡಿದೆ, ಬಿದ್ದಿದ್ದರೆ.
ಅವನು ಬೀಳಲಿಲ್ಲ. ಕೂತ.

ಮೇಣದಬತ್ತಿ ಹತ್ತಿರ ಎಳೆದುಕೊಂಡು
ಹೃದಯಸ್ತಂಭನ ಎಂದು ಬರೆದೆ,
ಬರೆಯಬೇಡಿ ಎಂದು ಈಗಷ್ಟೇ ಬರೆದೆನಲ್ಲ, ಅದನ್ನೇ.
ಜುಜುನಾ ಕಾಗದ ಓದಿದಳು. ಅಳುತ್ತಿರಲಿಲ್ಲ.
ಗಣಿತದ ಟೀಚರ್ ಅವಳು, ನನಗೂ ಕಲಿಸಿದವಳು,
ಉತ್ತರ ಸರಿಯಿದ್ದರೂ ಹೆಜ್ಜೆ ಬಿಟ್ಟರೆ ಅಂಕ ಕೊಡದವಳು.
"ಲಿಫ್ಟ್ ಅಂತ ಬರಿ," ಅಂದಳು.
"ಲಿಫ್ಟ್ ಯಾಕೆ ನಿಂತಿತು, ಅದನ್ನ ಬರಿ. ಕರೆಂಟು.
ಕರೆಂಟು ಯಾಕಿಲ್ಲ, ಅದನ್ನ.
ಜಾಗ ಸಾಲದಿದ್ದರೆ ಹಿಂಬದಿಗೆ ಬರಿ."

ಸಾವಿಗೊಂದು ನೆಪ ಬೇಕು ಅಷ್ಟೇ, ಅಂದೆ.
ಎಲ್ಲರೂ ಅನ್ನುವ ಮಾತು, ಬಾಯಿಗೆ ಬಂದುಬಿಟ್ಟಿತು.
"ನೆಪ ನೀನು ಬರೆದಾಯಿತಲ್ಲ," ಅಂದಳು,
"ನಾನು ಕೇಳಿದ್ದು ಕಾರಣ."

ಸರಪಳಿ ಹಿಡಿದು ಎಷ್ಟು ದೂರ ಹೋಗಬೇಕು,
ಎಲ್ಲಿ ಕೈಬಿಡಬೇಕು?
ಕಾಗದದಲ್ಲಿ ನಾಲ್ಕು ಸಾಲು ಇರುತ್ತವೆ.
ಐದನೆಯದರಲ್ಲಿ ಮಂತ್ರಿಗಳು ಶುರುವಾಗುತ್ತಾರೆ.

ಲಾಶಾನಿಗೆ ಅಕ್ರೋಟು ಮರದ ಉದಾಹರಣೆ ಕಳಿಸಿದೆ.
ಮರ, ಬೀಳುವಿಕೆ, ಸೊಂಟದ ಮೂಳೆ, ಹಾಸಿಗೆ, ನ್ಯುಮೋನಿಯಾ.
ತುಂಬಾ ಸ್ಪಷ್ಟವಾಗಿದೆ ಎಂದ.

ಸಂಜೆ ಮಾತ್ರೆ ಕೊಡಲು ಜುಜುನಾಳ ಮನೆಗೆ ಹೋದೆ.
ಲಿಫ್ಟ್ ಈಗ ಓಡುತ್ತದೆ, ಹತ್ತು ತೆತ್ರಿಯ ನಾಣ್ಯ ನುಂಗಿ.
ಏಳನೆಯ ಮಹಡಿ ಬಾಗಿಲ ಸಂದಿಯಲ್ಲಿ
ಒಂದು ಬೆಳಕಿನ ಗೆರೆಯಾಗಿ ಕೆಳಗಿಳಿಯಿತು.
ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ.
"ಎಷ್ಟು?"
ನೂರ ಅರವತ್ತು.
"ಯಾಕೆ?"
ವಯಸ್ಸು, ಅಂದೆ.
ಅವಳು ತೋಳು ಹಿಂದಕ್ಕೆಳೆದುಕೊಳ್ಳಲಿಲ್ಲ,
ಹಾಗೇ ಚಾಚಿಕೊಂಡು ಕೂತಿದ್ದಳು,
ಹೆಜ್ಜೆ ಬಿಟ್ಟ ಹುಡುಗಿಯನ್ನು ನೋಡುತ್ತ.