ಗಂಡಸಿ ಹ್ಯಾಂಡ್‌ಪೋಸ್ಟ್‌ನಲ್ಲಿ ಡಾಂಗಲ್

ಚುಚ್ಚಿದ ಕೂಡಲೇ ಅದು ಹೇಳಿದ್ದು ಸುಳ್ಳು:
'ನಾನೊಂದು ಸೀಡಿ.'
ಒಳಗೆ ವಿಂಡೋಸಿನ ಕಡತ ನಾಲ್ಕು,
ನಮಗೆ ಬೇಡದ್ದು.

ಹಾಲಿನ ಡೈರಿಯ ಹಳೇ ಕಂಪ್ಯೂಟರಿಗೆ
ಲಿನಕ್ಸ್ ಹಾಕಿದವಳು ನಾನೇ,
ಬೈಗುಳವೂ ನನಗೇ.
ಏಳೂವರೆಯೊಳಗೆ ಹಾಸನಕ್ಕೆ ಹೋಗಬೇಕು ಲೆಕ್ಕ:
ಲೀಟರು, ಕೊಬ್ಬು, ಡಿಗ್ರಿ.

ನೀರು ಬೆರೆಸಿದವರನ್ನು
ಲ್ಯಾಕ್ಟೋಮೀಟರಿನಲ್ಲಿ ಹಿಡಿಯುವ ಕರಿಬಸಪ್ಪ
ಹೆಗಲ ಮೇಲಿಂದ ಇಣುಕಿ,
'ಇದ್ನೂ ಒಂದ್ಸಲ ಅದ್ದಿ ನೋಡವ್ವ.'

ಅದ್ದಿದೆ, ಸಾಲಿಗೊಂದು ಆಜ್ಞೆ.
ಸೀಡಿಯನ್ನು ಉಗುಳು ಅಂದೆ.
ಒಂದು ಗಳಿಗೆ ಸತ್ತಂತೆ ಮಲಗಿ
ಎದ್ದಿತು ಹೊಸ ಹೆಸರಲ್ಲಿ,
ದೀಕ್ಷೆ ಆದವರ ಹಾಗೆ:
ಟಿಟಿವೈ ಯುಎಸ್‌ಬಿ ಸೊನ್ನೆ.

ಎಪಿಎನ್ ಬರೆದೆ. ಪಾಸ್‌ವರ್ಡ್ ಕೇಳಿತು,
ಖಾಲಿ ಬಿಟ್ಟೆ; ಖಾಲಿಯೇ ಸರಿಯಂತೆ.
ನಕ್ಷತ್ರ, ತೊಂಬತ್ತೊಂಬತ್ತು, ಹ್ಯಾಷ್.
ಕೆಂಪು.
ಮತ್ತೆ. ಕೆಂಪು.
ವೈರು ಉದ್ದ ಮಾಡಿ ಕ್ಯಾನಿನ ಮೇಲೆ ಹತ್ತಿ
ಕಿಟಕಿ ಸರಳಿಗೆ ಕರುವಿನ ಹಗ್ಗದಲ್ಲಿ ಬಿಗಿದೆ—
ನೀಲಿ.

ಏಳು ಇಪ್ಪತ್ತೆಂಟಕ್ಕೆ ಲೆಕ್ಕ ಹೋಯಿತು.
'ಅಲ್ಲವ್ವ, ಮೋಡೆಮ್ಮೇ ಆಗಿದ್ರೆ
ಮೊದ್ಲು ಯಾಕೆ ಸೀಡಿ ಅಂತು?'
ಕರಿಬಸಪ್ಪ ಗಟ್ಟಿಯಾಗೇ ಕೇಳಿದ.

ಬಾಗಿಲಾಚೆ ಸಾಲಿನಲ್ಲಿ
ಕ್ಯಾನು ಹಿಡಿದು ನಿಂತವರು
ಯಾರೂ ನಗಲಿಲ್ಲ.