ನಾನೂರ ಹದಿನಾಲ್ಕು

ಪುಣೆ, ಶನಿವಾರ ಪೇಟೆ. ಈ ವಾಡೆ ಈಗ ಸ್ಮಾರಕ.
ನನಗಿಲ್ಲಿ ಮೂರು ತಿಂಗಳ ಕೆಲಸ:
ಇದ್ದದ್ದಕ್ಕೆಲ್ಲ ನಂಬರು ಹಚ್ಚಿ
ರಿಜಿಸ್ಟರಿನಲ್ಲಿ ಬರೆಯುವುದು.
ಅವರ ಕೋಲು, ಅವರ ಚರಕ, ಜೈಲಿನ ಅಲ್ಯುಮಿನಿಯಂ ತಾಟು,
ಹನ್ನೊಂದು ಸಂಪುಟವಾಗಿ ಅಚ್ಚಾದ ಪತ್ರಗಳ ಮೂಲಪ್ರತಿ,
ದಿಲ್ಲಿಯಿಂದ ತಂದ ಕುರ್ಚಿ, ಒಂದು ಕಾಲು ಕುಂಟು.
ನಾನೂರ ಹನ್ನೆರಡರವರೆಗೂ ಅವರೇ.

ನಾನೂರ ಹದಿಮೂರು: ಕನ್ನಡಕದ ಡಬ್ಬಿ, ಖಾಲಿ.
ಚೀಟಿಯಲ್ಲಿ ಯಾರದೋ ಅಕ್ಷರ: 'ಪತ್ನಿಯದು'.

ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ
ಉಂಗುರದ ತುದಿಯಿಂದ ಅವರು ಬರೆದರಂತೆ: ಮನೋರಮಾ.
ಅದಕ್ಕೂ ಮೊದಲು ಹದಿನಾಲ್ಕು ವರ್ಷ
ಅಥಣಿಯ ಓಣಿಯಲ್ಲಿ ಆಕೆ ತುಂಗವ್ವ.
ಅಕ್ಕಿಯನ್ನೇನೋ ಮರುದಿನ ಬೇಯಿಸಿದರು.
ಹೆಸರು ಉಳಿಯಿತು.

ಅರವತ್ತೊಂದರ ಜುಲೈಯಲ್ಲಿ ಪಾನಶೇತ ಒಡೆದು
ಮುಠಾ ಹೊಳೆ ಹೇಳದೆ ಕೇಳದೆ ಒಳಗೆ ಬಂದಾಗ
ಅವರ ಪತ್ರಗಳು ಅಟ್ಟದ ಮೇಲೆ
ತಗಡಿನ ಟ್ರಂಕಿನಲ್ಲಿ ಒಣಗಿಯೇ ಇದ್ದವು
(ಆಕೆಯೇ ಕಟ್ಟಿಟ್ಟದ್ದು, ವರ್ಷವಾರು, ಬೇವಿನೆಲೆ ಹಾಕಿ).
ಆಕೆಯ ಪುಸ್ತಕ ಜೋಳದ ಡಬ್ಬಿಯ ಕೆಳಗಿತ್ತು.

ನಿನ್ನೆ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು,
ಹಾಳೆಗೆ ಹಾಳೆ ಅಂಟಿ ಹಪ್ಪಳದ ಕಟ್ಟು.
ದಾನಿಗಳ ಹೆಸರು, ಸಭೆಯ ತಾರೀಖು, ಠರಾವು
ಎಲ್ಲ ಮರಾಠಿ, ಎಲ್ಲ ಶಾಯಿ, ಎಲ್ಲ
ಹೊಳೆಯ ಜೊತೆ ಹೋಗಿದೆ.
ಒಲೆಯ ಮುಂದೆ ಕೂತು ಅವಸರದಲ್ಲಿ ಗೀಚಿದ
ಪೆನ್ಸಿಲು ಮಾತ್ರ ಇದೆ. ಅದು ಕನ್ನಡ.
ಎಣಿಸುವಾಗ ತವರಿಗೇ ಹೋಗುತ್ತಿದ್ದಳೇನೋ.

'ಯೆರವಡಾಕ್ಕ ಭೇಟಿಗೆ ಬಂದವರು ಏಳು ಮಂದಿ. ಹಾಸಿಗಿ ನಾಕು.
ಹಾನಗಲ್ಲಿನಾಕಿಗೆ ಗಂಡನ್ನ ತೋರಿಸಲಿಲ್ಲ. ಎರಡು ದಿನ ಅನ್ನ ಮುಟ್ಟಿಲ್ಲ.
ಇವತ್ತ ರೊಟ್ಟಿ ಬಡದು ಕೊಟ್ಟೆ. ತಿಂದಳು.'

'ಕಸಬಾ ಪೇಟಿ ಬಾಣಂತಿ: ಅಳವಿ ಅರ್ಧ ಸೇರು.
ಕೂಸು ಹೆಣ್ಣು ಅಂತ ಅತ್ತಿ ಬಂದಿಲ್ಲ. ನಾ ಹೋದೆ.'

'ಸಾಲಿಗೆ ಹುಡುಗ್ಯಾರು ಹನ್ನೊಂದು. ನಿನ್ನೆ ಹದಿಮೂರಿದ್ದರು.
ಎರಡೂ ಮನಿಗೆ ಹೋಗಿ ಜಗಳಾಡಿ ಬಂದೆ. ಒಂದು ಬಂತು.'

'ಇವರ ಬಿಡುಗಡೆ. ಮೆರವಣಿಗಿ.
ಚಹಾ ನೂರಾ ಎಂಬತ್ತು ಕಪ್ಪು. ಸಕ್ಕರಿ ಸಾಲ.'

ಅದೇ ದಿನದ ಮೇಲೆ ಅವರ ಪತ್ರ, ಸಂಪುಟ ನಾಲ್ಕು, ಒಂಬತ್ತು ಪುಟ.
ಜನಸಾಗರವಿದೆ, ಚೆಂಡುಹೂವಿದೆ,
ಕಣ್ಣೀರು ಕೂಡ ಇದೆ. ಚಹಾ ಇಲ್ಲ.

ಕೆಟ್ಟವರಲ್ಲ ಅವರು. ಹುಡುಕಿದರೆ ಸಂಪುಟ ಆರರಲ್ಲಿ
ಆಕೆಗೂ ಒಂದು ಸಾಲು:
'ನನ್ನ ಬೆನ್ನ ಹಿಂದೆ ಒಂದು ಮೌನ ನಿಂತಿದೆ.'
ಮೌನವೇ?
ಇಡೀ ಪೇಟೆಯ ಜೊತೆ ಜಗಳಾಡಿದಾಕೆ!

ಕಡೆಯ ಪುಟ ನೀರಿಳಿದ ಮೇಲಿನದು.
ಹಸಿ ಹಾಳೆಯ ಮೇಲೆ ಒತ್ತಿ ಬರೆದು ಎರಡು ಕಡೆ ಹರಿದಿದೆ.
'ಹೊಳಿ ಬಂದಿತ್ತು. ಸಾಲಿಯೊಳಗ ಮುನ್ನೂರು ಮಂದಿ.
ಝುಣಕಾ, ಭಾಕರಿ. ಬೋಗಾಣಿ ಸಾಲೂದಿಲ್ಲ.
ದಿಲ್ಲಿಯಿಂದ ಇವರ ತಾರು: ಕಾಗದಪತ್ರ ಕ್ಷೇಮವೆ?
ಕ್ಷೇಮ ಅದಾವ ಅಂತ ತಾರು ಮಾಡಿಸಿದೆ.'

ಆಮೇಲೆ ಬರೀ ಅಂಕಿ. ಭಾಕರಿಯೋ ಮಂದಿಯೋ ತಿಳಿಯುವುದಿಲ್ಲ:
ಮುನ್ನೂರು, ಮುನ್ನೂರಾ ನಲವತ್ತು,
ಐನೂರು.

ಮಧ್ಯಾಹ್ನ ಮೂರಾಗಿದೆ. ರಿಜಿಸ್ಟರು ಬಿಡಿಸಿದೆ.
ನಾನೂರ ಹದಿನಾಲ್ಕು. ವಸ್ತು: ಲೆಕ್ಕದ ಪುಸ್ತಕ.
ಸ್ಥಿತಿ: ನೀರು ಕುಡಿದಿದೆ.
ಯಾರದು ಎಂಬಲ್ಲಿ ಕೈ ತಡೆಯಿತು,
ಪೆನ್ನು ಬದಿಗಿಟ್ಟು ಪೆನ್ಸಿಲಿನಲ್ಲಿ
ಅಥಣಿಯ ಹೆಸರು ಬರೆದೆ.

ಟ್ರಸ್ಟಿನ ಖಾಂಬೇಟೆಯವರು ಭುಜದ ಮೇಲಿಂದ ಬಗ್ಗಿ,
'ಪೆನ್ನಲ್ಲಿ ಮಸಿ ಮುಗಿಯಿತೆ? ಬೇರೆ ಕೊಡಲೆ?' ಅಂದರು.
ಬೇಡ, ಅಂದೆ.
ಹೊಳೆ ಇನ್ನೂ ಇಲ್ಲೇ, ಹತ್ತಿರದಲ್ಲೇ ಇದೆಯಲ್ಲ.